ಹಾಸನದ ಒಂದು ಮಧುಮೇಹ ಚಿಕಿತ್ಸಾಲಯ: ಅಮ್ಮನ ಜೊತೆ ಮೂರು ವರ್ಷ

ನನ್ನ ತಾಯಿಗೆ ಎರಡನೇ ವಿಧದ ಮಧುಮೇಹ ಇದೆಯೆಂದು ಗೊತ್ತಾಗಿ ಹನ್ನೊಂದು ವರ್ಷಗಳಾದವು. ಮೊದಲ ಎಂಟು ವರ್ಷ ಒಂದು ಕಡೆ ತೋರಿಸಿದೆವು, ಕಳೆದ ಮೂರು ವರ್ಷಗಳಿಂದ ಹಾಸನದ ಇನ್ನೊಂದು ಸಣ್ಣ ಚಿಕಿತ್ಸಾಲಯದಲ್ಲಿ ತೋರಿಸುತ್ತಿದ್ದೇವೆ. ಈ ಬರಹ ಎರಡನೆಯದರ ಸೇವೆಯ ಬಗ್ಗೆ. ಚಿಕಿತ್ಸಾಲಯದ ಹೆಸರನ್ನಾಗಲಿ ವೈದ್ಯರ ಹೆಸರನ್ನಾಗಲಿ ನಾನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿ ಮೆಚ್ಚಿದ್ದನ್ನೂ ಕೊರತೆಯೆಂದು ಕಂಡಿದ್ದನ್ನೂ ಮುಚ್ಚಿಡದೆ ಹೇಳಬೇಕೆಂದರೆ ಅದೇ ಸರಿಯಾದ ದಾರಿ. ತಮ್ಮ ಊರಿನಲ್ಲಿ ಸಕ್ಕರೆ ಕಾಯಿಲೆಗೆ ಎಲ್ಲಿ ತೋರಿಸಬೇಕೆಂದು ಯೋಚಿಸುತ್ತಿರುವವರು ಅಲ್ಲಿ ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಿ ಪಡೆಯಬೇಕು ಎಂಬುದಕ್ಕೆ ಇದು ಉಪಯೋಗವಾದರೆ ಸಾಕು.

ಹಿಂದೆ ತೋರಿಸುತ್ತಿದ್ದ ಕಡೆಯ ವೈದ್ಯರು ಕೆಟ್ಟವರೇನಲ್ಲ. ಆದರೆ ಅಲ್ಲಿ ಒಬ್ಬ ರೋಗಿಗೆ ಸಿಗುತ್ತಿದ್ದದ್ದು ಮೂರು ನಿಮಿಷ. ಅಮ್ಮ ಒಳಗೆ ಹೋಗಿ ಕುಳಿತುಕೊಳ್ಳುವಷ್ಟರಲ್ಲಿ ರಿಪೋರ್ಟಿನ ಮೇಲೆ ಕಣ್ಣಾಡಿಸಿ, "ಕಂಟ್ರೋಲ್ ಇಲ್ಲ, ಬಾಯಿ ಕಟ್ಟಬೇಕಮ್ಮ" ಎಂದು ಹೇಳಿ, ಮಾತ್ರೆಯ ಪ್ರಮಾಣ ಹೆಚ್ಚಿಸಿ, ಒಂದು ಜೆರಾಕ್ಸ್ ಹಾಳೆ ಕೈಗೆ ಕೊಡುತ್ತಿದ್ದರು. ಆ ಹಾಳೆಯಲ್ಲಿ ಓಟ್ಸ್, ಕೆನೆ ತೆಗೆದ ಹಾಲು, ಬ್ರೌನ್ ಬ್ರೆಡ್, ಸೇಬು ಎಂದೆಲ್ಲ ಬರೆದಿತ್ತು. ಅರಕಲಗೂಡು ರಸ್ತೆಯ ನಮ್ಮ ಹಳ್ಳಿಯ ಅಂಗಡಿಯಲ್ಲಿ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಮುದ್ದೆ, ಬಸ್ಸಾರು, ಉಪ್ಸಾರು, ಅಕ್ಕಿ ರೊಟ್ಟಿ, ಹುರುಳಿಕಾಳು, ಅವರೆಕಾಳು ಯಾವುದರ ಹೆಸರೂ ಅದರಲ್ಲಿರಲಿಲ್ಲ. ಅಮ್ಮ ಆ ಹಾಳೆಯನ್ನು ಮಡಿಸಿ ದೇವರ ಪಟದ ಹಿಂದೆ ಇಟ್ಟು ಹಿಂದಿನಂತೆಯೇ ಉಂಡರು. ಬಯ್ಗುಳ ತಪ್ಪಿಸಿಕೊಳ್ಳಲು ಅವರು ಕಂಡುಕೊಂಡ ಉಪಾಯ ಬೇರೆ: ರಕ್ತಪರೀಕ್ಷೆಗೆ ಎರಡು ದಿನ ಮುಂಚಿನಿಂದ ಅರೆಹೊಟ್ಟೆ ಉಣ್ಣುವುದು. ಆಗ ಖಾಲಿ ಹೊಟ್ಟೆಯ ಸಕ್ಕರೆ 130ರ ಆಸುಪಾಸಿಗೆ ಇಳಿಯುತ್ತಿತ್ತು, ವೈದ್ಯರಿಗೂ ಸಮಾಧಾನ, ಅಮ್ಮನಿಗೂ ಸಮಾಧಾನ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಅಲ್ಲಿ ಅಪರೂಪಕ್ಕೊಮ್ಮೆ ಮಾಡಿಸುತ್ತಿದ್ದರು. ಕೊನೆಯ ಸಲ ಮಾಡಿಸಿದಾಗ ಅದು 9.6 ಬಂತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕದಲ್ಲಿ ಎರಡು ದಿನದ ಉಪವಾಸ ನಡೆಯುವುದಿಲ್ಲ. ಎಂಟು ವರ್ಷ ನಾವೆಲ್ಲರೂ ಸುಳ್ಳು ಸಂಖ್ಯೆಗಳನ್ನು ನಂಬಿಕೊಂಡು ಕುಳಿತಿದ್ದೆವೆಂದು ನನಗೆ ಆ ದಿನ ಅರ್ಥವಾಯಿತು. ಮಗಳಾಗಿ ನಾನೂ ಒಂದು ಸಲವಾದರೂ ಅಮ್ಮನನ್ನು ಸರಿಯಾಗಿ ವಿಚಾರಿಸಿರಲಿಲ್ಲ ಎಂಬುದು ಈಗಲೂ ನೋವು ಕೊಡುತ್ತದೆ.

ಹೊಸ ಚಿಕಿತ್ಸಾಲಯಕ್ಕೆ ಫೋನು ಮಾಡಿ ಸಮಯ ಕೇಳಿದಾಗ ಅವರು ಹೇಳಿದ ಮೊದಲ ಮಾತೇ ಬೇರೆಯಾಗಿತ್ತು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯ ಬಿಲ್ಲುಗಳನ್ನೂ, ಹಳೆಯ ರಿಪೋರ್ಟುಗಳನ್ನೂ, ಯಾರಾದರೂ ಕೊಟ್ಟ ನಾಟಿ ಔಷಧಿಯ ಪುಡಿ ಇದ್ದರೆ ಅದನ್ನೂ ತರಬೇಕೆಂದರು. ಉಪವಾಸ ಬರುವುದು ಬೇಡ, ದಿನಾ ಉಣ್ಣುವುದನ್ನೇ ಉಂಡು ಬನ್ನಿ ಎಂದರು. ಅಮ್ಮ ಎಲ್ಲವನ್ನೂ ಒಂದು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬಂದರು.

ಅಲ್ಲಿ ವೈದ್ಯರಿಗಿಂತ ಮೊದಲು ಸಿಗುವವರು ಮಧುಮೇಹದ ತಿಳಿವಳಿಕೆ ಕೊಡಲೆಂದೇ ತರಬೇತಿ ಪಡೆದ ಒಬ್ಬ ಸಿಸ್ಟರ್. ಅವರಿಗೆ ಬೇರೆ ಕೋಣೆ ಇದೆ, ಮೊದಲ ಭೇಟಿಗೆ ಅರ್ಧ ಗಂಟೆ, ಆಮೇಲಿನ ಭೇಟಿಗಳಿಗೆ ಹದಿನೈದು ನಿಮಿಷ ಕೊಡುತ್ತಾರೆ. ಅವರು ಚೀಲವನ್ನು ಮೇಜಿನ ಮೇಲೆ ಸುರಿದು, ಬಿಲ್ಲಿನ ತಾರೀಕನ್ನೂ ಶೀಟಿನಲ್ಲಿ ಉಳಿದಿದ್ದ ಮಾತ್ರೆಗಳನ್ನೂ ತಾಳೆ ನೋಡಿದರು. "ಅಮ್ಮಾ, ಇದು ಹೋದ ತಿಂಗಳು ಐದನೇ ತಾರೀಕು ತಂದಿದ್ದು. ಇಷ್ಟೊತ್ತಿಗೆ ಮುಗಿಯಬೇಕಿತ್ತು, ಇನ್ನೂ ಒಂಬತ್ತು ಉಳಿದಿವೆ. ಯಾವ್ಯಾವ ದಿನ ಬಿಡ್ತೀರಿ? ಬಯ್ಯೋದಕ್ಕೆ ಕೇಳ್ತಿಲ್ಲ, ತಿಳ್ಕೊಳ್ಳೋದಕ್ಕೆ ಕೇಳ್ತಿದೀನಿ" ಎಂದರು. ಅಮ್ಮ ನನ್ನ ಮುಖ ನೋಡಿದರು. ಸಿಸ್ಟರ್ ನನ್ನನ್ನು ಹೊರಗೆ ಕೂರಲು ಹೇಳಲಿಲ್ಲ, ಆದರೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಅಮ್ಮನಿಗೆ ಎದುರಾಗಿ ಕುಳಿತರು. ಆಗ ಅಮ್ಮ ಹೇಳಿದರು: "ಬಸ್ಸಿಗೆ ಹೋಗೋ ದಿನ ನುಂಗಲ್ಲ ಕಣಮ್ಮ. ಹೊಟ್ಟೆ ಕೆಡುತ್ತೆ, ದಾರೀಲಿ ಎಲ್ಲಿ ಇಳಿಯೋದು?"

ಮೆಟ್‌ಫಾರ್ಮಿನ್ ಎಂಬ ಮಾತ್ರೆ ಅನೇಕರಿಗೆ ಹೊಟ್ಟೆ ಉಬ್ಬರ, ಭೇದಿ ತರುತ್ತದೆ ಎಂಬುದು ವೈದ್ಯರೆಲ್ಲರಿಗೂ ಗೊತ್ತಿರುವ ಸಂಗತಿ. ಊಟದ ಜೊತೆ ಅಥವಾ ಊಟವಾದ ಕೂಡಲೇ ನುಂಗಿದರೆ, ನಿಧಾನವಾಗಿ ಕರಗುವ ಬಗೆಯದಕ್ಕೆ ಬದಲಿಸಿದರೆ ಹೆಚ್ಚಿನವರಲ್ಲಿ ಆ ತೊಂದರೆ ಕಡಿಮೆಯಾಗುತ್ತದೆ. ಎಂಟು ವರ್ಷದಲ್ಲಿ ಈ ಮಾತನ್ನು ಯಾರೂ ಅಮ್ಮನಿಗೆ ಹೇಳಿರಲಿಲ್ಲ, ಏಕೆಂದರೆ ಅಮ್ಮ ಯಾರಿಗೂ ತಮ್ಮ ತೊಂದರೆಯನ್ನು ಹೇಳಿರಲಿಲ್ಲ. ಅವರು ಹೇಳದಿರುವುದಕ್ಕೆ ಕಾರಣ, ಯಾರೂ ಕೇಳಿರಲಿಲ್ಲ.

ಎರಡನೆಯ ಪ್ರಶ್ನೆ ಇದಕ್ಕಿಂತ ದೊಡ್ಡದನ್ನು ಹೊರತೆಗೆಯಿತು. "ವಾರದಲ್ಲಿ ಯಾವ ದಿನ ಉಪವಾಸ ಮಾಡ್ತೀರಿ?" ಎಂದು ಸಿಸ್ಟರ್ ಕೇಳಿದರು. ಉಪವಾಸ ಮಾಡುತ್ತೀರಾ ಎಂದು ಕೇಳಲಿಲ್ಲ, ಯಾವ ದಿನ ಎಂದೇ ಕೇಳಿದರು. ಅಮ್ಮನಿಗೆ ಶನಿವಾರ ಒಪ್ಪತ್ತು. ಬೆಳಗ್ಗೆ ಒಂದು ಲೋಟ ಕಾಫಿ ಕುಡಿದರೆ ಮತ್ತೆ ರಾತ್ರಿ ದೀಪ ಹಚ್ಚಿ ಪೂಜೆಯಾದ ಮೇಲೆ ಒಂದು ಊಟ. ಆದರೆ ಮಾತ್ರೆ ಬಿಡಬಾರದೆಂಬ ಭಯದಿಂದ ಶನಿವಾರ ಮನೆಯಲ್ಲೇ ಇರುತ್ತಿದ್ದ ಅವರು ಬೆಳಗ್ಗೆಯ ಮಾತ್ರೆಯನ್ನು ಕಾಫಿಯ ಜೊತೆ ತಪ್ಪದೆ ನುಂಗುತ್ತಿದ್ದರು. ಆ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಕೂಡ ಸೇರಿತ್ತು. ಇದು ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಶನಿವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಮ್ಮನಿಗೆ ಮೈ ಬೆವರುವುದು, ಕೈ ನಡುಗುವುದು, ಕಣ್ಣು ಮಂಜಾಗುವುದು ಎರಡು ವರ್ಷಗಳಿಂದ ನಡೆದಿತ್ತು. ಮನೆಯವರು ಅದನ್ನು ಬಿಪಿ ಎಂದುಕೊಂಡಿದ್ದರು, ಅಮ್ಮ ದೇವರ ಪರೀಕ್ಷೆ ಎಂದುಕೊಂಡಿದ್ದರು. ಒಂದು ಸಲ ಹಿತ್ತಿಲಲ್ಲಿ ಕುಸಿದು ಕುಳಿತಾಗ ಅತ್ತಿಗೆ ನೀರು ಕುಡಿಸಿ ಮಲಗಿಸಿದ್ದರಂತೆ. ಅದು ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದ ಲಕ್ಷಣವಾಗಿತ್ತು, ಇನ್ನೂ ಇಳಿದಿದ್ದರೆ ಪ್ರಜ್ಞೆ ತಪ್ಪುವ ಅಪಾಯವಿತ್ತು ಎಂದು ಸಿಸ್ಟರ್ ವಿವರಿಸಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಈ ಸೇವೆಯ ನಿಜವಾದ ಬೆಲೆ ನನಗೆ ಕಂಡದ್ದು ಇದರ ನಂತರ ನಡೆದ ಮಾತಿನಲ್ಲಿ. ಒಪ್ಪತ್ತು ಬಿಟ್ಟುಬಿಡಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಸಿಸ್ಟರ್ ಬರೆದುಕೊಟ್ಟ ಒಂದು ಪುಟವನ್ನು ಓದಿದ ವೈದ್ಯರು ಅಮ್ಮನನ್ನೇ ಕೇಳಿದರು: ಶನಿವಾರ ಹಣ್ಣು, ಹಾಲು, ಅವಲಕ್ಕಿ ಮಧ್ಯಾಹ್ನ ನಡೆಯುತ್ತದೆಯೇ? ಅಮ್ಮ ಫಲಾಹಾರಕ್ಕೆ ಅಡ್ಡಿಯಿಲ್ಲ ಎಂದರು. ಅಲ್ಲಿಗೆ ಒಂದು ಒಪ್ಪಂದವಾಯಿತು. ವೈದ್ಯರು ಗ್ಲಿಮೆಪಿರೈಡ್ ನಿಲ್ಲಿಸಿ, ಸಕ್ಕರೆ ಏರಿದಾಗ ಮಾತ್ರ ಹೆಚ್ಚು ಕೆಲಸ ಮಾಡುವ ಸಿಟಾಗ್ಲಿಪ್ಟಿನ್ ಎಂಬ ಬೇರೊಂದು ಮಾತ್ರೆ ಬರೆದರು. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಅನೇಕ ಕಂಪನಿಗಳು ತಯಾರಿಸುತ್ತಿರುವುದರಿಂದ ಬೆಲೆ ಇಳಿದಿದೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ ಎಂಬುದನ್ನೂ ಅವರೇ ಹೇಳಿದರು. ಮೆಟ್‌ಫಾರ್ಮಿನ್ ಅನ್ನು ನಿಧಾನವಾಗಿ ಕರಗುವ ಬಗೆಗೆ ಬದಲಿಸಿ ರಾತ್ರಿ ಊಟದ ನಂತರಕ್ಕೆ ಇಟ್ಟರು. ಹಾಗಾಗಿ ಬಸ್ಸಿನ ಪ್ರಶ್ನೆಯೂ ಬಗೆಹರಿಯಿತು. ಮತ್ತೆಂದಾದರೂ ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯುವುದು, ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದು, ಕಡಿಮೆಯಾಗದಿದ್ದರೆ ಇನ್ನೊಮ್ಮೆ ಕುಡಿಯುವುದು, ಆಮೇಲೆ ಏನಾದರೂ ಉಣ್ಣುವುದು ಎಂಬುದನ್ನು ಅಮ್ಮನ ಬಾಯಿಂದಲೇ ಎರಡು ಸಲ ಹೇಳಿಸಿದರು. ಆ ಮೊದಲ ದಿನದ ಒಂದು ಗಂಟೆಗೆ ನಾವು ಕೊಟ್ಟಿದ್ದು ವೈದ್ಯರಿಗೆ 400 ರೂಪಾಯಿ, ಸಿಸ್ಟರ್ ಭೇಟಿಗೆ 150 ರೂಪಾಯಿ.

ಊಟದ ವಿಚಾರದಲ್ಲಿ ಅವರು ಹಿಡಿದ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ತಪ್ಪು ತಿಳಿವಳಿಕೆ ಹೆಚ್ಚಿರುವುದು ಅಲ್ಲೇ. ರಾಗಿ ತಿಂದರೆ ಸಕ್ಕರೆ ಬರುವುದಿಲ್ಲ, ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಉಂಡರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ಅಮ್ಮ ನಂಬಿದ್ದರು. ಆದ್ದರಿಂದ ಒಂದರ ಬದಲು ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇರುತ್ತದೆ, ಅಕ್ಕಿಯಲ್ಲಿ 78ರ ಆಸುಪಾಸು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಅದು ಒಳ್ಳೆಯ ಧಾನ್ಯ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಸಿಸ್ಟರ್ ಇದನ್ನು ಮಾತಿನಲ್ಲಿ ಹೇಳಿ ಮುಗಿಸಲಿಲ್ಲ. ಒಂದು ಗ್ಲುಕೋಮೀಟರನ್ನು ಒಂದು ವಾರದ ಮಟ್ಟಿಗೆ ಎರವಲು ಕೊಟ್ಟು, ಒಂದು ದಿನ ಎರಡು ಮುದ್ದೆ ಉಂಡು ಎರಡು ಗಂಟೆಯ ಮೇಲೆ ನೋಡಿ, ಇನ್ನೊಂದು ದಿನ ಒಂದು ಸಣ್ಣ ಮುದ್ದೆ, ಜೊತೆಗೆ ದಪ್ಪಗೆ ಹುರುಳಿಕಾಳಿನ ಬಸ್ಸಾರು, ಒಂದು ಬಟ್ಟಲು ಸೊಪ್ಪಿನ ಪಲ್ಯ ಉಂಡು ನೋಡಿ ಎಂದರು. ಮೊದಲ ದಿನ 268, ಎರಡನೆಯ ದಿನ 181. ಆ ಎರಡು ಸಂಖ್ಯೆಗಳನ್ನು ಅಮ್ಮ ಕ್ಯಾಲೆಂಡರಿನ ಮೇಲೆ ತಾವೇ ಬರೆದಿಟ್ಟರು. ಆಮೇಲೆ ಮುದ್ದೆಯ ಗಾತ್ರದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಅವರಿಗೆ ಹೇಳಬೇಕಾಗಿ ಬರಲಿಲ್ಲ. ಬೆಲ್ಲದ ಕಾಫಿಯ ವಿಚಾರವೂ ಹೀಗೆಯೇ ಬಗೆಹರಿಯಿತು: ಬೆಲ್ಲ ಸಕ್ಕರೆಯಂತಲ್ಲ ಎಂಬ ನಂಬಿಕೆ ಮೀಟರಿನ ಮುಂದೆ ಒಂದೇ ದಿನದಲ್ಲಿ ಬಿದ್ದುಹೋಯಿತು.

ಮೀಟರನ್ನು ಎಷ್ಟು ಬಳಸಬೇಕು ಎಂಬುದರಲ್ಲೂ ಅವರ ಸಲಹೆ ಹಿಡಿತದಲ್ಲಿದೆ. ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುವಾಗ, ಮಾತ್ರೆಯ ಮೇಲಷ್ಟೇ ಇರುವವರು ದಿನಕ್ಕೆ ಮೂರು ಸಲ ಬೆರಳು ಚುಚ್ಚಿಕೊಳ್ಳುವ ಅಗತ್ಯವಿಲ್ಲ. ಔಷಧಿ ಬದಲಾದ ವಾರ, ಜ್ವರ ಬಂದಾಗ, ತಲೆ ಸುತ್ತಿ ಬೆವರಿದಾಗ, ಹೊಸ ಊಟದ ಪರಿಣಾಮ ತಿಳಿಯಬೇಕಾದಾಗ ನೋಡಿದರೆ ಸಾಕು ಎಂದರು. 100ಕ್ಕಿಂತ ಮೇಲಿನ ಸಂಖ್ಯೆಗಳಲ್ಲಿ ಶೇಕಡ 15ರವರೆಗೆ ವ್ಯತ್ಯಾಸ ಬಂದರೂ ಮೀಟರು ಅಂತರರಾಷ್ಟ್ರೀಯ ಮಾನದಂಡದ ಒಳಗೇ ಇರುತ್ತದೆ, ಆದ್ದರಿಂದ 160 ಮತ್ತು 172ರ ನಡುವಿನ ವ್ಯತ್ಯಾಸಕ್ಕೆ ಕಂಗೆಡಬೇಡಿ ಎಂಬ ಮಾತು ನಮ್ಮಣ್ಣನಿಗೆ ಬಹಳ ಬೇಕಿತ್ತು. ಅವನು ಪ್ರತಿ ಏರಿಳಿತಕ್ಕೂ ಅಮ್ಮನನ್ನು ವಿಚಾರಣೆಗೆ ನಿಲ್ಲಿಸುತ್ತಿದ್ದ.

ಅಮ್ಮನ ಚೀಲದಲ್ಲಿದ್ದ ಪುಡಿಗಳ ಬಗ್ಗೆಯೂ ಹೇಳಬೇಕು. ಹಿತ್ತಿಲಲ್ಲಿ ಇನ್ಸುಲಿನ್ ಗಿಡ ಎಂದು ಕರೆಯುವ ಗಿಡ ಇದೆ, ಬೆಳಗ್ಗೆ ಎದ್ದು ಅದರ ಎರಡು ಎಲೆ ಅಗಿಯುವುದು ಅಮ್ಮನ ರೂಢಿ. ಜೊತೆಗೆ ಯಾರೋ ಕೊಟ್ಟ ಅಮೃತಬಳ್ಳಿಯ ಪುಡಿ, ಮೆಂತ್ಯ, ಹಾಗಲಕಾಯಿಯ ರಸ. ಹಿಂದಿನ ಕಡೆ ಇವುಗಳನ್ನು ಹೇಳುವ ಧೈರ್ಯವೇ ಅಮ್ಮನಿಗಿರಲಿಲ್ಲ. ಇಲ್ಲಿನ ವೈದ್ಯರು ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರು. ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಇರಲಿ. ಆ ಗಿಡದ ಎಲೆಯಲ್ಲಿ ಇನ್ಸುಲಿನ್ ಇಲ್ಲ, ಅದನ್ನು ನೆಚ್ಚಿಕೊಂಡು ಮಾತ್ರೆ ಬಿಡುವ ಹಾಗಿಲ್ಲ. ಅಮೃತಬಳ್ಳಿಯ ಪುಡಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದು ವರದಿಯಾಗಿದೆ, ಅದನ್ನು ಇವತ್ತೇ ನಿಲ್ಲಿಸಿ ಎಂದರು. ಎಲ್ಲವನ್ನೂ ಒಟ್ಟಿಗೆ ತಿಪ್ಪೆಗೆ ಎಸೆಯಿರಿ ಎಂದಿದ್ದರೆ ಅಮ್ಮ ಎಲ್ಲವನ್ನೂ ಗುಟ್ಟಾಗಿ ಮುಂದುವರಿಸುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ವರ್ಷಕ್ಕೊಮ್ಮೆ ಆಗಬೇಕಾದ ಪರೀಕ್ಷೆಗಳನ್ನು ಅವರು ಒಂದೂ ಬಿಡದೆ ಮಾಡಿಸುತ್ತಾರೆ: ಕಣ್ಣಿನ ಹಿಂಪರದೆ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ರಕ್ತದ ಕೊಬ್ಬು, ಪಾದ. ಇವುಗಳಲ್ಲಿ ಪಾದದ ಪರೀಕ್ಷೆಯನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಸಿಸ್ಟರ್ ನೆಲದ ಮೇಲೆ ಸಣ್ಣ ಮಣೆ ಹಾಕಿಕೊಂಡು ಕುಳಿತು, ಅಮ್ಮನ ಬೆರಳ ಸಂದುಗಳನ್ನು ಬಿಡಿಸಿ ನೋಡಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡ ಅಮ್ಮನನ್ನು "ಗೊತ್ತಾಯ್ತಾ?" ಎಂದು ಕೇಳುತ್ತಾ ಹೋದರು. ಬಲಗಾಲಿನ ಎರಡು ಕಡೆ ಅಮ್ಮನಿಗೆ ಗೊತ್ತಾಗಲಿಲ್ಲ. ಅಂಗಾಲು ಉರಿ ಎಂದು ಅಮ್ಮ ಹಿಂದೆಯೂ ಹೇಳುತ್ತಿದ್ದರು, ಸಕ್ಕರೆ ಕಾಯಿಲೆಯೆಂದರೆ ಅದು ಇದ್ದದ್ದೇ ಎಂದು ನಾವು ಬಿಟ್ಟಿದ್ದೆವು. ಇಲ್ಲಿ ರಕ್ತದಲ್ಲಿ ಬಿ12 ಎಂಬ ವಿಟಮಿನ್ ನೋಡಿಸಿದರು, ಕಡಿಮೆ ಇತ್ತು. ಹಲವು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಹಾಗಾಗುವುದುಂಟಂತೆ. ಚುಚ್ಚುಮದ್ದು ಕೊಟ್ಟ ಮೇಲೆ ಉರಿ ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ನಿದ್ದೆ ಬರುವಷ್ಟು ತಗ್ಗಿತು. ಕಣ್ಣಿನಲ್ಲಿ ಆರಂಭದ ಹಂತದ ಬದಲಾವಣೆ ಕಾಣಿಸಿತು, ಸದ್ಯಕ್ಕೆ ಚಿಕಿತ್ಸೆ ಬೇಕಿಲ್ಲ, ಆದರೆ ವರ್ಷ ತಪ್ಪಿಸಬೇಡಿ ಎಂದಿದ್ದಾರೆ. ಈ ಎಲ್ಲ ಪರೀಕ್ಷೆಗಳಿಗೆ ಕಳೆದ ವರ್ಷ ನಮಗೆ ಸುಮಾರು 2,800 ರೂಪಾಯಿ ಖರ್ಚಾಯಿತು. ಪಕ್ಕದ ಲ್ಯಾಬಿನಲ್ಲೇ ಮಾಡಿಸಬೇಕೆಂಬ ಒತ್ತಾಯವಿಲ್ಲ.

ಎರಡನೆಯ ವರ್ಷ ನಡೆದ ಒಂದು ಘಟನೆಯಲ್ಲಿ ಸಲಹೆ ಕೊಡುವವರಿಗೂ ಪಡೆಯುವವರಿಗೂ ನಡುವೆ ನಿಜವಾದ ಎಳೆದಾಟವಾಯಿತು. ದೀಪಾವಳಿಯ ಹೊತ್ತಿಗೆ ಅಮ್ಮ ಬರಿಗಾಲಲ್ಲಿ ಹೊಲಕ್ಕೆ ಹೋಗಿ ಬಲಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ಜೋಮು ಹಿಡಿದ ಜಾಗವಾದ್ದರಿಂದ ಮೂರು ದಿನ ಅವರಿಗೆ ತಿಳಿಯಲೇ ಇಲ್ಲ. ಕಾಲು ಊದಿ ಕೀವಾದಾಗ ಸಕ್ಕರೆ 340ಕ್ಕೆ ಏರಿತ್ತು. ವೈದ್ಯರು ಆ್ಯಂಟಿಬಯಾಟಿಕ್ ಜೊತೆಗೆ ಇನ್ಸುಲಿನ್ ಆರಂಭಿಸಬೇಕೆಂದರು. ಅಮ್ಮ ಸಾರಾಸಗಟಾಗಿ ನಿರಾಕರಿಸಿದರು. ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಇನ್ಸುಲಿನ್ ಶುರು ಮಾಡಿದ ಆರು ತಿಂಗಳಲ್ಲಿ ಕಾಲು ಕಳೆದುಕೊಂಡಿದ್ದರು. ಅಮ್ಮನ ಮನಸ್ಸಿನಲ್ಲಿ ಸೂಜಿಗೂ ಕಾಲು ಕತ್ತರಿಸುವುದಕ್ಕೂ ಗಂಟು ಬಿದ್ದಿತ್ತು. ನಾನೂ ಅಣ್ಣನೂ ಸೇರಿ ಒತ್ತಾಯಿಸಲು ಹೊರಟಾಗ ವೈದ್ಯರು ನಮ್ಮಿಬ್ಬರನ್ನೂ ಸುಮ್ಮನಿರಲು ಹೇಳಿ, ದೊಡ್ಡಮ್ಮನ ಕತೆಯನ್ನು ಮೊದಲಿನಿಂದ ಅಮ್ಮನಿಂದ ಕೇಳಿಸಿಕೊಂಡರು. ಕೊನೆಗೆ ಅವರು ಹೇಳಿದ್ದು ಇಷ್ಟು: "ನಿಮ್ಮಕ್ಕನ ಕಾಲು ಹೋಗಿದ್ದು ಇನ್ಸುಲಿನ್ನಿಂದ ಅಲ್ಲಮ್ಮ, ಇನ್ಸುಲಿನ್ ತಡವಾಗಿ ಬಂದಿದ್ದರಿಂದ. ಗಾಯ ಮಾಯುವವರೆಗೆ ತಗೊಳ್ಳಿ. ಮಾದ ಮೇಲೆ ನಿಲ್ಲಿಸಬಹುದಾ ಅಂತ ಇಬ್ಬರೂ ಕೂತು ನೋಡೋಣ." ಅಮ್ಮ ಒಪ್ಪಿದರು. ಏಳು ವಾರದ ನಂತರ ಗಾಯ ಮಾಗಿ, ಇನ್ಸುಲಿನ್ ನಿಲ್ಲಿಸಿ ಮಾತ್ರೆಗೆ ಮರಳಿದರು. ಒಮ್ಮೆ ಶುರುವಾದರೆ ಸಾಯುವವರೆಗೂ ಬಿಡುವಂತಿಲ್ಲ ಎಂಬ ಊರಿನ ಮಾತು ಅಮ್ಮನ ವಿಷಯದಲ್ಲಿ ಹೀಗೆ ಸುಳ್ಳಾಯಿತು.

ಆ ಏಳು ವಾರ ಸಿಸ್ಟರ್ ಕೊಟ್ಟ ಸಹಾಯವನ್ನು ನಾನು ಮರೆಯುವ ಹಾಗಿಲ್ಲ. ಇನ್ನೂ ತೆರೆಯದ ಇನ್ಸುಲಿನ್ ಸೀಸೆಯನ್ನು ಫ್ರಿಜ್ಜಿನ ಬಾಗಿಲ ಕಡೆ ಇಡಬೇಕು, ಮಂಜುಗಡ್ಡೆಯ ಖಾನೆಯಲ್ಲಿ ಇಡಬಾರದು. ಬಳಸಲು ತೆಗೆದದ್ದು ಬಿಸಿಲು ತಾಗದ ತಂಪು ಜಾಗದಲ್ಲಿ 28 ದಿನ ಕೆಡದು. ಕರೆಂಟು ಹೋದರೆ ನೀರು ಚಿಮುಕಿಸಿದ ಮಣ್ಣಿನ ಕುಡಿಕೆಯೊಳಗೆ ಇಟ್ಟರಾಯಿತು ಎಂದೆಲ್ಲ ನಮ್ಮ ಹಳ್ಳಿಯ ಮನೆಗೆ ಹೊಂದುವಂತೆ ಹೇಳಿದರು. ಸಂಜೆ ನಾಲ್ಕರಿಂದ ಐದರವರೆಗೆ ಅವರು ಫೋನಿಗೆ ಸಿಗುತ್ತಾರೆ. ಅಮ್ಮ ತಾವೇ ಫೋನು ಮಾಡಿ ಸಂಖ್ಯೆ ಹೇಳಿ, ಎಷ್ಟು ಯೂನಿಟ್ ಎಂದು ಕೇಳುತ್ತಿದ್ದರು. ಸಿಸ್ಟರ್ ವೈದ್ಯರನ್ನು ಕೇಳಿ ತಿಳಿಸುತ್ತಿದ್ದರು. ಅಂದಿನಿಂದ ಅಮ್ಮ ಮಧುಮೇಹಿಗಳ ಪಾದಕ್ಕೆಂದು ಮೆತ್ತನೆಯ ರಬ್ಬರಿನಲ್ಲಿ ಮಾಡಿದ ಎಂ.ಸಿ.ಆರ್. ಚಪ್ಪಲಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ.

ಇನ್ನೊಂದು ಮಾತು ನಮ್ಮ ಮನೆಯ ವಾತಾವರಣವನ್ನೇ ಬದಲಿಸಿತು. ಮೂರನೆಯ ವರ್ಷ ಎಲ್ಲ ಸರಿಯಾಗಿ ಪಾಲಿಸಿದರೂ ಎಚ್‌ಬಿಎ1ಸಿ 7.2ರಿಂದ 7.6ಕ್ಕೆ ಏರಿದಾಗ ಅಮ್ಮ ತಪ್ಪಿತಸ್ಥರಂತೆ ತಲೆ ತಗ್ಗಿಸಿ ಕುಳಿತಿದ್ದರು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ ಚಿಕಿತ್ಸೆ ಸರಿಯಾಗಿದ್ದವರಲ್ಲಿಯೂ ವರ್ಷ ಕಳೆದಂತೆ ಸಕ್ಕರೆ ಮೆಲ್ಲಗೆ ಏರಿದ್ದು ಕಂಡಿದೆ, ಇನ್ಸುಲಿನ್ ತಯಾರಿಸುವ ಜೀವಕೋಶಗಳ ಶಕ್ತಿ ಕಾಲಕ್ರಮೇಣ ಕುಂದುವುದೇ ಅದಕ್ಕೆ ಕಾರಣ, ಮಾತ್ರೆ ಹೆಚ್ಚಿಸುವುದು ನಿಮಗೆ ಕೊಡುವ ಶಿಕ್ಷೆಯಲ್ಲ ಎಂದು ವೈದ್ಯರು ಹೇಳಿದರು. ಹಿಂದೆ ಸಕ್ಕರೆ ಕುಸಿದ ಅನುಭವ ಇರುವುದರಿಂದ ಅಮ್ಮನಿಗೆ 7ರ ಒಳಗೇ ಇರಬೇಕೆಂಬ ಹಟ ಬೇಡ, 7.5ರ ಹತ್ತಿರ ಇದ್ದರೆ ಸಾಕು ಎಂದೂ ಗುರಿಯನ್ನು ಅವರಿಗೆ ತಕ್ಕಂತೆ ಇಟ್ಟಿದ್ದಾರೆ.

ಇನ್ನು ಕೊರತೆಗಳು. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಇಪ್ಪತ್ತಮೂರು ಮೆಟ್ಟಿಲು ಹತ್ತಬೇಕು. ಕಾಲಿನ ಗಾಯದವರು, ಕಣ್ಣು ಮಂಜಾದವರು, ಮಂಡಿನೋವಿನವರೇ ಹೆಚ್ಚಾಗಿ ಬರುವ ಜಾಗ ಇದು. ಆ ಏಳು ವಾರ ಅಣ್ಣ ಅಮ್ಮನನ್ನು ಎತ್ತಿಕೊಂಡೇ ಹತ್ತಿಸಿದ. ಇದನ್ನು ಸಣ್ಣ ಅನಾನುಕೂಲ ಎಂದು ತಳ್ಳಿಹಾಕಲು ನನ್ನಿಂದಾಗದು. ಸಮಯ ಗೊತ್ತುಮಾಡಿಕೊಂಡು ಹೋದರೂ ಎರಡು ಗಂಟೆ ಕಾಯುವುದು ಸಾಮಾನ್ಯ. ಒಬ್ಬೊಬ್ಬರಿಗೂ ಸಮಯ ಕೊಡುವುದರಿಂದ ಹಾಗಾಗುತ್ತದೆಂದು ಒಪ್ಪಿದರೂ, ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ರೋಗಿಗಳಿಗೆ ಮಧ್ಯಾಹ್ನ ಎರಡರವರೆಗೆ ಕಾಯಿಸುವುದು ಸರಿಯಲ್ಲ. ಔಷಧಿ ಚೀಟಿ ಇಂಗ್ಲಿಷಿನಲ್ಲಿ, ಕಂಪನಿಯ ಹೆಸರಿನಲ್ಲಿಯೇ ಇರುತ್ತದೆ. ಜನೌಷಧಿ ಕೇಂದ್ರಕ್ಕೆ ಹೋಗಿ ಎಂದು ಬಾಯಲ್ಲಿ ಹೇಳುವವರು ಮೂಲ ಔಷಧಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು. ಯಾವ ಮಾತ್ರೆ ಯಾವಾಗ ಎಂದು ಕನ್ನಡದಲ್ಲಿ ಬರೆಯುವ ಕೆಲಸವನ್ನು ಸಿಸ್ಟರ್ ಪ್ರತಿ ಸಲ ಕೈಬರಹದಲ್ಲಿ ಮಾಡುತ್ತಾರೆ.

ನನ್ನ ದೊಡ್ಡ ದೂರು ಇದೇ ಸಿಸ್ಟರ್ ಕುರಿತ ವ್ಯವಸ್ಥೆಯ ಬಗ್ಗೆ. ಕಳೆದ ವರ್ಷ ಅವರು ಹೆರಿಗೆ ರಜೆಯ ಮೇಲೆ ಆರು ತಿಂಗಳು ಹೋದಾಗ ಆ ಕೋಣೆಗೆ ಬೀಗ ಬಿತ್ತು. ಆ ಅವಧಿಯಲ್ಲಿ ನಾವು ಎರಡು ಸಲ ಹೋದೆವು, ಎರಡು ಸಲವೂ ನಮಗೆ ಸಿಕ್ಕಿದ್ದು ವೈದ್ಯರ ಐದು ನಿಮಿಷ. ಪಾದ ಯಾರೂ ನೋಡಲಿಲ್ಲ, ಮಾತ್ರೆ ಯಾರೂ ಎಣಿಸಲಿಲ್ಲ. ಅಮ್ಮ ಒಂದು ವಾರ ಮಾತ್ರೆ ತಪ್ಪಿಸಿದ್ದನ್ನು ಆ ಭೇಟಿಯಲ್ಲಿ ಹೇಳಲೇ ಇಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. ಇಷ್ಟು ಜನರಿಗೆ ಅರ್ಧರ್ಧ ಗಂಟೆ ಕೊಡಲು ತಜ್ಞ ವೈದ್ಯರಿಂದ ಆಗುವ ಮಾತಲ್ಲ. ತರಬೇತಾದ ಸಿಸ್ಟರ್‌ಗಳೇ ಈ ಚಿಕಿತ್ಸೆಯ ಬೆನ್ನೆಲುಬು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಿರುವಾಗ ಒಬ್ಬರನ್ನೇ ನೆಚ್ಚಿಕೊಂಡಿರುವುದು, ಅವರಿಲ್ಲದಾಗ ಇನ್ನೊಬ್ಬರನ್ನು ಸಿದ್ಧಪಡಿಸದಿರುವುದು ಈ ಚಿಕಿತ್ಸಾಲಯದ ದೊಡ್ಡ ಲೋಪ. ಇದನ್ನು ವೈದ್ಯರಿಗೆ ನೇರವಾಗಿ ಹೇಳಿದ್ದೇನೆ. ಈಗ ಇನ್ನೊಬ್ಬ ಹುಡುಗಿ ಸಿಸ್ಟರ್ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಾರೆ.

ಹೊಸದಾಗಿ ಹೋಗುವವರಿಗೆ ನಾನು ಹೇಳುವುದು: ಬೆಳಗ್ಗೆಯ ಮೊದಲ ಸರದಿ ಕೇಳಿ, ಬುತ್ತಿ ಕಟ್ಟಿಕೊಂಡು ಹೋಗಿ, ಉಳಿದ ಮಾತ್ರೆಗಳನ್ನು ಬಿಲ್ಲಿನ ಸಮೇತ ಒಯ್ಯಿರಿ, ಜೊತೆಗೆ ಬಂದ ಮಕ್ಕಳು ಪ್ರಶ್ನೆಗೆ ತಾವೇ ಉತ್ತರಿಸಲು ಹೋಗಬೇಡಿ. ಮೆಟ್ಟಿಲು ಹತ್ತಲಾರದವರು ಮೊದಲೇ ಫೋನು ಮಾಡಿ ತಿಳಿಸಿದರೆ ಸಿಸ್ಟರ್ ಕೆಳಗಿಳಿದು ಬಂದು ಗಾಡಿಯಲ್ಲಿ ಕುಳಿತವರ ಪಾದವನ್ನೇ ನೋಡುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಕೆಳಗಿನ ಅಂಗಡಿ ಮಳಿಗೆಯೊಂದು ಖಾಲಿಯಾದರೆ ಬಾಡಿಗೆಗೆ ಹಿಡಿದು ಪಾದದ ಪರೀಕ್ಷೆಯನ್ನು ಅಲ್ಲಿಗೆ ಇಳಿಸುವುದಾಗಿ ಹೋದ ತಿಂಗಳು ವೈದ್ಯರು ಹೇಳಿದರು. ಅಮ್ಮನ ಮುಂದಿನ ಭೇಟಿ ಯುಗಾದಿ ಕಳೆದ ಮೇಲೆ ಇದೆ. ಹಬ್ಬದ ದಿನ ಎಷ್ಟು ಒಬ್ಬಟ್ಟು ತಿಂದೆನೆಂದು ಸಿಸ್ಟರ್ ಕೇಳಿಯೇ ಕೇಳುತ್ತಾರೆ, ಒಂದನ್ನು ತಿಂದೇ ತಿನ್ನುತ್ತೇನೆ, ಅದನ್ನು ಹಾಗೆಯೇ ಹೇಳುತ್ತೇನೆ ಎಂದು ಅಮ್ಮ ಈಗಲೇ ತಿಳಿಸಿದ್ದಾರೆ.